ನನ್ನ ನಂಬರಿನ ಇನ್ನೊಬ್ಬ ಡಾಕ್ಟರು

ದನದ ಡಾಕ್ಟರ್ ಆದವರು ನಗೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಹಗ್ಗ ಹರಿದುಕೊಂಡ ಹೋರಿಯ ಹಾಗೆ ಅದೇ ಎದುರು ಬರುತ್ತದೆ, ಪಕ್ಕಕ್ಕೆ ಸರಿಯಲೂ ಪುರಸೊತ್ತು ಕೊಡುವುದಿಲ್ಲ. ನನ್ನ ನೌಕರಿಯ ಮೊದಲ ಭಾಗ ಬಾದಾಮಿ ಕಡೆ, ಆಮೇಲಿನದು ಹುನಗುಂದ-ಇಳಕಲ್ ಕಡೆ. ಎರಡೂ ಕಡೆಯ ದನಗಳು ನನ್ನನ್ನು ಡಾಕ್ಟರ್ ಅಂತ ಒಪ್ಪಿಕೊಂಡವು. ತಕರಾರು ಇದ್ದದ್ದು ಮನುಷ್ಯರದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರ ಡಾಕ್ಟರಿಗೆ ಇರುವಂತೆ ನಮಗೂ ರಾಜ್ಯದ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಒಂದು ನಂಬರು ಕೊಡುತ್ತಾರೆ. ಅದಿದ್ದರೆ ಡಾಕ್ಟರು. ಇಲ್ಲದಿದ್ದರೆ ಎಷ್ಟು ದೊಡ್ಡ ಚೀಲ ಹೊತ್ತರೂ ಚೀಲ ಹೊತ್ತವರು, ಅಷ್ಟೇ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ನನ್ನ ಗಂಡನಿಗೆ ನಮ್ಮ ಮದುವೆಯ ತಾರೀಖು ನೆನಪಿರುವುದಿಲ್ಲ, ನನಗೂ ಇರುವುದಿಲ್ಲ. ಆದರೆ ಆ ನಂಬರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಹಾರ ಬಿದ್ದ ಫೋಟೋ

ಬಾದಾಮಿ ಕಡೆಯ ದವಾಖಾನೆಯಲ್ಲಿ ನನ್ನ ನೋಂದಣಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಅದರಲ್ಲಿ ನಂಬರಿನ ಪಕ್ಕ ನನ್ನ ಫೋಟೋ ಇತ್ತು, ಕಾಲೇಜು ಮುಗಿಸಿದ ಹೊಸತರದ್ದು. ದಸರೆಯ ಖಂಡೇಪೂಜೆಯ ದಿನ ನಮ್ಮ ಜವಾನ ಕತ್ತರಿ, ಚಿಮಟ, ಫ್ರಿಜ್ಜು, ಕುರ್ಚಿ ಎಲ್ಲಕ್ಕೂ ಪೂಜೆ ಮಾಡಿದ. ಒಂದು ಚೆಂಡುಹೂವಿನ ಹಾರ ಉಳಿಯಿತು. ಅದನ್ನು ನನ್ನ ಪ್ರಮಾಣಪತ್ರಕ್ಕೆ ಹಾಕಿ ಹೋದ.

ಮರುದಿನ ಬನಶಂಕರಿ ಕಡೆಯವನೊಬ್ಬ ಆಡು ಹಿಡಿದುಕೊಂಡು ಬಂದ. ಗೋಡೆ ನೋಡಿದವನೇ ಚಪ್ಪಲಿ ಬಿಟ್ಟು ಕೈ ಮುಗಿದ.

"ಯಾವಾಗ ಆತ್ರಿ?" ಅಂದ.

ನಾನು ಆಡಿನ ಹೊಟ್ಟೆ ಒತ್ತಿ ನೋಡುತ್ತಿದ್ದೆ. ಪೂಜೆಯ ಮಾತು ಅಂದುಕೊಂಡು, "ನಿನ್ನೆ ಆತು," ಅಂದೆ.

"ನಿನ್ನೇನ? ಮತ್ತ ಇವತ್ತ ದವಾಖಾನಿ ತಗದೀರಿ?"

"ಸರ್ಕಾರಿ ಕೆಲಸ ನೋಡ್ರಿ. ಬಂದ್ ಮಾಡಾಕ ಬರಂಗಿಲ್ಲ."

ಅವನು ನಿಟ್ಟುಸಿರು ಬಿಟ್ಟ. "ಸಣ್ಣ ವಯಸ್ಸು. ಮಾರಿ ನೋಡಿದ್ರ ಕರಳು ಚುರ್ ಅಂತೈತಿ. ನೀವು ಅವರ ತಂಗೇರೇನು?"

ಆಗ ನನಗೆ ಬೆಳಕಾಯಿತು. ಅಷ್ಟು ದುಃಖಪಟ್ಟವನಿಗೆ ನಾನೇ ಅದು ಅಂತ ಹೇಳಿ ನಾಚಿಕೆಪಡಿಸಲು ಮನಸ್ಸಾಗಲಿಲ್ಲ. "ಅಲ್ಲ, ಅಕ್ಕ," ಅಂದೆ.

ಅವನು ನನ್ನನ್ನೂ ಫೋಟೋವನ್ನೂ ಹೊಂದಿಸಿ ನೋಡಿದ. "ಹೌದು. ಭಾಳ ದೊಡ್ಡವರು ಕಾಣಸ್ತೀರಿ."

ಡಾಕ್ಟರ್ ಬರೂತನಕ

ಆಮೇಲೆ ಹುನಗುಂದ ಮತ್ತು ಇಳಕಲ್ ನಡುವಿನ ಒಂದು ಹಳ್ಳಿಯ ದವಾಖಾನೆಗೆ ವರ್ಗವಾಯಿತು. ಮೊದಲ ವಾರವೇ ಒಬ್ಬ ಅಜ್ಜ ಮೇವು ಬಿಟ್ಟ ಎತ್ತು ಹೊಡೆದುಕೊಂಡು ಬಂದರು.

"ಡಾಕ್ಟರ್ ಎಲ್ಲಿ ಅದಾನ ಯವ್ವಾ?"

"ನಾನ ಡಾಕ್ಟರ್ ಅಜ್ಜಾರ."

"ಹೌದೌದು. ಅವಾ ಯಾವಾಗ ಬರ್ತಾನ?"

ನಾನು ಇನ್ನೊಮ್ಮೆ ಹೇಳಿದೆ. ಅಜ್ಜ ನನ್ನ ಮಾತಿಗೆ ತಲೆಯಾಡಿಸಿ, ಬೇವಿನ ಗಿಡದ ಕೆಳಗೆ ಕುಳಿತು ರಸ್ತೆ ನೋಡತೊಡಗಿದರು. "ಅವಾ ಬರೂತನಕ ನೀ ಒಮ್ಮೆ ಕೈಯಾಡಿಸಿರು," ಅಂದರು. ಕೈಯಾಡಿಸಿದೆ. ಎತ್ತಿಗೆ ಅಜೀರ್ಣ. ಔಷಧ ಕುಡಿಸಿ ಸೂಜಿ ಮಾಡಿದೆ.

ಅಜ್ಜ ಕಾಯುತ್ತಿದ್ದ ಡಾಕ್ಟರು ಯಾರು ಅಂತ ತಿಳಿದದ್ದು ಆಗಲೇ. ಮೋಟರ್‌ಸೈಕಲ್ಲಿನ ಮೇಲೆ, ಹೆಗಲಿಗೆ ಕರೀ ಚೀಲ ಹಾಕಿಕೊಂಡು ಸುತ್ತುವ ಒಬ್ಬ ಮನುಷ್ಯ. "ಫೋನ್ ಮಾಡೂದ ತಡ, ಬಂದಬಿಡ್ತಾನ," ಅಂದರು ಅಜ್ಜ. "ಎಂಥಾ ಬ್ಯಾನಿ ಇರ್ಲಿ, ಒಂದ ಸೂಜಿ. ಎರಡನೇದು ಮಾಡಿದ್ದು ನಾ ನೋಡೇ ಇಲ್ಲ."

"ಒಂದಕ್ಕ ಎಲ್ಲಾ ಆರಾಮ ಆಕ್ಕಾವೇನು?"

"ಒಂದಕ್ಕ ಕೆಲವು ಎದ್ದು ನಿಂದರ್ತಾವ." ಅಜ್ಜ ಆಕಾಶದ ಕಡೆ ಕೈ ತೋರಿಸಿದರು. "ಉಳಿದಾವಕ್ಕ ಎರಡನೇದು ಬೇಕಾಗೂದಿಲ್ಲ."

ಒಂದು ವಾರದ ಮೇಲೆ ಅಜ್ಜ ಮತ್ತೆ ಬಂದರು, ಮುಖದಲ್ಲಿ ಕಳೆ ಇತ್ತು. "ಎತ್ತು ಗಟ್ಟಿ ಆಗೈತಿ ಯವ್ವಾ. ಡಾಕ್ಟರ್ ಬಂದ್ರ ಹೇಳು, ಅವನ ಔಷಧಿ ಭಾಳ ಚಲೋ ಹತ್ತೇತಿ ಅಂತ."

"ಹೇಳ್ತೇನಿ ಅಜ್ಜಾರ."

"ಮರೀಬ್ಯಾಡ ಮತ್ತ. ಅವಂಗೂ ಖುಷಿ ಆಕ್ಕೈತಿ."

ಅಧಿಕಾರದ ಗೆರೆ

ನಮ್ಮ ದವಾಖಾನೆಯ ಪಶು ಪರೀಕ್ಷಕರು ಕಾಯ್ದೆಗೆ ಬಹಳ ಅಂಜುವವರು. ಲಸಿಕೆ ಹಾಕುವುದು, ಗಾಯ ತೊಳೆಯುವುದು, ಡಾಕ್ಟರ್ ಹೇಳಿದ ಸೂಜಿ ಮಾಡುವುದು ಅವರ ಕೆಲಸ. ರೋಗ ಇಂಥದು ಅಂತ ಹೇಳುವುದು ನೋಂದಾಯಿತ ಡಾಕ್ಟರರ ಕೆಲಸ. ಆ ಗೆರೆಯನ್ನು ಅವರು ನೌಕರಿಗೆ ಸೇರಿದಂದಿನಿಂದ ಒಂದು ಬೆರಳು ದಾಟಿದವರಲ್ಲ.

ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ಕಟ್ಟೆಯ ಮೇಲೆ ಸಿಟ್ಟಿನಿಂದ ಕುಳಿತಿದ್ದಳು. ಕೈಯಲ್ಲಿ ಒಂದು ಕೋಳಿ, ಕಾಲು ಮೇಲೆ, ಕುತ್ತಿಗೆ ಕೆಳಗೆ. ಅದಕ್ಕೆ ಇರುವೆ ಹತ್ತಿದ್ದವು.

"ನೋಡ್ರಿ ಅಕ್ಕಾರ, ಆವಾಗಿಂದ ಕೇಳಾಕತ್ತೇನಿ, ಇದು ಸತ್ತೈತೋ ಇಲ್ಲೋ ಹೇಳ್ರಿ ಅಂತ. ಈ ಅಣ್ಣಾರು ಬಾಯಿನ ಬಿಡವಲ್ರು."

ಪರೀಕ್ಷಕರು ಎದ್ದು ನಿಂತರು. "ನಾ ಹೆಂಗ ಹೇಳ್ಲಿ ಮೇಡಂ? ಅದು ರೋಗನಿರ್ಣಯ ಆಕ್ಕೈತಿ."

ನಾನು ಕೋಳಿಯನ್ನು ಮುಟ್ಟಿ ನೋಡಿ, ಸತ್ತಿದೆ ಅಂದೆ. ಹಟ್ಟಿಯ ಉಳಿದ ಕೋಳಿಗಳಿಗೆ ಲಸಿಕೆ ಬರೆದುಕೊಟ್ಟೆ. ಪರೀಕ್ಷಕರು ಹೆಣ್ಣುಮಗಳ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ಸತ್ತೈತಿ ತಂಗಿ. ಈಗ ಅದು ಖರೇನ ಸತ್ತಂಗ ಆತು."

ಸಾಹೇಬ್ರ ನಂಬರು

ಇಳಕಲ್ಲಿನಲ್ಲಿರುವ ನನ್ನ ಗೆಳತಿಯ ನಾಯಿಗೆ ಕಿವಿ ಸೋರುತ್ತಿತ್ತು. ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಏರಿಸಿ, "ಡಾಕ್ಟರ್ ನಂಬರ್ ಹೇಳ್ರಿ," ಅಂದರು. ಹೇಳಿದೆ. ಅವರ ಪೆನ್ನು ನಿಂತಿತು.

"ಇದು ನಮ್ಮ ಸಾಹೇಬ್ರ ನಂಬರಲ್ಲ?"

"ಯಾವ ಸಾಹೇಬ್ರು?"

"ಕರೀ ಚೀಲದ ಡಾಕ್ಟರು. ನನಗ ಬಾಯಿಪಾಠ ಐತಿ. ನೀವು ಅವರ ಕಡೆ ಕೆಲಸಕ್ಕ ಅದೀರೇನು?"

"ಇದು ನನ್ನ ನಂಬರ್ ರೀ."

"ಒಂದ ನಂಬರಿಗೆ ಇಬ್ಬರು ಹೆಂಗ ಇರ್ತಾರ? ಸಾವಕಾಶ ನೆನಪ ಮಾಡ್ಕೊಂಡು ಹೇಳ್ರಿ, ಗಡಿಬಿಡಿ ಇಲ್ಲ."

ನಾನು ಫೋಟೋ ಇರುವ ಗುರುತಿನ ಕಾರ್ಡು ತೆಗೆದು ಮುಂದಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಖದ ಮೇಲೆ ನಿಜವಾದ ಕನಿಕರ ಮೂಡಿತು.

"ಪರಿಷತ್ತಿನವರು ನಿಮಗ ಅವರದ ನಂಬರ್ ಕೊಟ್ಟಬಿಟ್ಟಾರ ನೋಡ್ರಿ. ಅವರು ಭಾಳ ದಿವಸದಿಂದ ನಡಿಸ್ಯಾರ. ನೀವೊಂದು ಅರ್ಜಿ ಹಾಕಿ ಬ್ಯಾರೇದು ತಗೋರಿ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಇವತ್ತಿನ ಮಟ್ಟಿಗೆ ಅವರ ಹೆಸರಿನಾಗ ಬರದು ಕೊಟ್ಟಿರ್ತೇನಿ. ದೊಡ್ಡ ಮನಸ್ಸಿನವರು, ಏನೂ ಅನ್ನೂದಿಲ್ಲ."

ಖಾಲಿ ಬಿದ್ದದ್ದು

ಆ ದೊಡ್ಡ ಮನಸ್ಸಿನವರನ್ನು ಹುನಗುಂದ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಹಿಡಿದೆ. ಕರೀ ಚೀಲ ಪಕ್ಕದಲ್ಲಿತ್ತು. ಚಂದದ ಮೀಸೆ. ನನ್ನ ಹೆಸರು ಹೇಳಿದ ಕೂಡಲೇ ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ಹೇಳಿದರು, ಬಿಸಿ ಮಿರ್ಚಿ ಭಜಿಯ ತಾಟು ನನ್ನ ಕಡೆ ಸರಿಸಿದರು.

"ನಾ ಮೊದಲ ದನದ ಹಿಂಡಿ ಕಂಪನಿ ಏಜೆಂಟ್ ಇದ್ದೆ ಮೇಡಂ," ಅಂತ ಶುರು ಮಾಡಿದರು. "ಬಾದಾಮಿ ಕಡಿ ನಿಮ್ಮ ದವಾಖಾನಿಗೆ ಹಿಂಡಿ ವ್ಯಾಪಾರ ಮಾತಾಡಾಕ ಬಂದಿದ್ದೆ. ಗ್ವಾಡಿ ಮ್ಯಾಲ ನಿಮ್ಮ ಫೋಟೋಕ್ಕ ಹಾರ ಬಿದ್ದಿತ್ತು. ಭಾಳ ಕೆಟ್ಟನಿಸ್ತು. ಇಷ್ಟು ಓದಿ ತಗೊಂಡ ನಂಬರು ಸುಮ್ನ ಖಾಲಿ ಬಿದ್ದು ಕೆಡ್ತೈತಲ್ಲ ಅಂತ ಬರಕೊಂಡೆ."

"ನಾ ಇನ್ನೂ ಇದ್ದೇನಿ ಅಂತ ಈಗ ಗೊತ್ತಾತಲ್ಲ? ಬಿಡ್ರಿ ಅದನ್ನ."

"ಹೆಂಗ ಬಿಡ್ಲಿ? ನೀವ ವಿಚಾರ ಮಾಡ್ರಿ. ನಾ ಕೈಯಾಗ ಹಿಡಿಯೂಕಿಂತ ಮೊದಲ ಈ ನಂಬರು ಹುನಗುಂದದಾಗ ಯಾರಿಗೆ ಗೊತ್ತಿತ್ತು? ಮಳಿ ಅನ್ನಲಿಲ್ಲ, ಬಿಸಲ ಅನ್ನಲಿಲ್ಲ, ತಿರಗಿ ತಿರಗಿ ಹೆಸರು ಮಾಡಿಟ್ಟೇನಿ."

"ನಾ ದೂರು ಕೊಡ್ತೇನಿ."

"ಕೊಡ್ರಿ. ನಿಮ್ಮ ಹಕ್ಕು ಅದು." ಎದ್ದು ಚಹಾದ ಬಿಲ್ಲು ತಾವೇ ಕೊಟ್ಟರು. ನಾನು ಬೇಡ ಅಂದದ್ದಕ್ಕೆ, "ಇರ್ಲಿ ಬಿಡ್ರಿ, ನೀವ್ಯಾರು ನಾವ್ಯಾರು, ಇಬ್ಬರೂ ಒಂದ ನಂಬರಿನವರು," ಅಂದರು.

ನನ್ನ ಬಗ್ಗೆ ಬಂದ ಹೊಗಳಿಕೆ

ನಾನು ದೂರು ಕೊಟ್ಟೆ. ಆದರೆ ಅದರ ಬೆನ್ನಿಗೇ ಇನ್ನೊಂದು ದೂರು ಬಾಗಲಕೋಟೆಯ ನಮ್ಮ ಜಿಲ್ಲಾ ಕಚೇರಿಗೆ ಹೋಗಿ ಮುಟ್ಟಿತು. ಒಬ್ಬ ರೈತನ ಜರ್ಸಿ ಆಕಳು ಆ ಒಂದೇ ಸೂಜಿಗೆ ಸತ್ತಿತ್ತು. ಚೀಟಿಯ ಮೇಲೆ ಡಾಕ್ಟರ ಹೆಸರು ಇರಲಿಲ್ಲ, ನಂಬರು ಇತ್ತು. ನನ್ನದು.

ಅಲ್ಲಿಯ ಸಾಹೇಬರು ನನ್ನನ್ನು ಕರೆಸಿದರು. ನಾನು ಆ ಊರಿಗೆ ಹೋಗಿಯೇ ಇಲ್ಲ ಅಂದೆ.

"ಹೋಗಿಲ್ಲ ಅಂತ ನನಗೂ ಗೊತ್ತೈತಿ," ಅಂದರು. "ಆದ್ರ ನೀವ ನಿಮ್ಮ ನಂಬರನ್ನ ಅವಂಗ ಬಾಡಿಗಿಗೆ ಕೊಟ್ಟೀರಿ ಅಂತ ಮಾತು ಬಂದೈತಿ. ಅದು ಖರೆ ಅಂತ ಆದ್ರ ಪರಿಷತ್ತಿನ ಪಟ್ಟಿಯೊಳಗಿಂದ ನಿಮ್ಮ ಹೆಸರು ತಗೀತಾರ. ಹೆಸರು ಹೋದ್ರ ನೌಕರೀನೂ ಹೋತು."

ಚಹಾದಂಗಡಿಯಲ್ಲಿ ಇಬ್ಬರೂ ಕೂಡಿ ಭಜಿ ತಿಂದದ್ದನ್ನು ಅರ್ಧ ಹುನಗುಂದ ನೋಡಿತ್ತು.

"ಊರವರನ್ನ ಕೇಳ್ರಿ ಸರ್," ಅಂದೆ.

"ಕೇಳಿಸೇವಿ." ಅವರು ಒಂದು ಹಾಳೆ ತೆಗೆದು ಓದಿದರು. ಸದರಿ ನಂಬರಿನ ವೈದ್ಯರು ಕರೆದ ತಕ್ಷಣ ಬರುತ್ತಾರೆ, ಸ್ವಭಾವದಿಂದ ಸೌಮ್ಯರು, ರೈತರ ಮನೆಯಲ್ಲಿ ರೊಟ್ಟಿ ಕೊಟ್ಟರೆ ಬೇಡ ಅನ್ನುವುದಿಲ್ಲ, ಇಂಥವರು ಈ ಭಾಗಕ್ಕೆ ಸಿಕ್ಕದ್ದು ಪುಣ್ಯ. ಆ ವೈದ್ಯರು ಯಾರು ಅಂತ ಕೇಳಿದರೆ ಮಾತ್ರ ಇಡೀ ಊರಿಗೆ ಮರೆವು. ಹೇಳಿದರೆ ನಾಳೆ ಫೋನಿಗೆ ಬರುವವರು ಯಾರು ಅಂತ ಅವರಿಗೆ ಚಿಂತೆ.

"ಬ್ಯಾರೆ ಜಿಲ್ಲಾದಿಂದ ವಿಚಾರಣಾ ಅಧಿಕಾರಿ ಬರ್ತಾರ," ಅಂದರು ಸಾಹೇಬರು. "ನಾ ಡಾಕ್ಟರ್ ಅಲ್ಲ, ಮೇಡಮ್ಮಾರಿಗೆ ಗೊತ್ತಿಲ್ಲದ ನಂಬರ್ ತಗೊಂಡೆ ಅಂತ ಆ ಮನಷ್ಯಾ ತನ್ನ ಬಾಯಿಂದ ಜನರ ಮುಂದ ಹೇಳಬೇಕು. ಇಲ್ಲಂದ್ರ ನಾ ಏನೂ ಮಾಡಾಕ ಬರಂಗಿಲ್ಲ."

ಬಸ್ಸಿನಲ್ಲಿ ಬರುವಾಗ ಆ ಹಾಳೆಯೇ ತಲೆಯಲ್ಲಿ ತಿರುಗುತ್ತಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ನಂಬರಿನ ಬಗ್ಗೆ ಅಷ್ಟು ಚಂದದ ಮಾತು ಕೇಳಿದ್ದು ಅದೇ ಮೊದಲು.

ನೇಕಾರರ ಮನೆಯ ಎಮ್ಮೆ

ಅಧಿಕಾರಿ ಬರುವ ದಿನವೇ ಇಳಕಲ್ಲಿನಿಂದ ಒಬ್ಬ ಹೆಣ್ಣುಮಗಳ ಫೋನು. ಪಕ್ಕದ ನೇಕಾರರ ಮನೆಯ ಎಮ್ಮೆ ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ, ಬೇಗ ಬನ್ನಿ. ಅಧಿಕಾರಿ ಬಂದರೆ ಅಲ್ಲಿಗೇ ಕರೆದುಕೊಂಡು ಬನ್ನಿ ಅಂತ ಪರೀಕ್ಷಕರಿಗೆ ಹೇಳಿ ಹೊರಟೆ. ಪ್ಯಾಂಟು, ಮೊಳಕಾಲ ತನಕ ರಬ್ಬರಿನ ಬೂಟು, ಮೈತುಂಬ ಏಪ್ರನ್ನು, ತಲೆಗೆ ಟೊಪ್ಪಿಗೆ. ಹೆರಿಗೆ ಮಾಡಿಸಲು ಹೋಗುವಾಗ ನನ್ನ ವೇಷ ಅದೇ.

ಮಗ್ಗದ ಕೋಣೆ ದಾಟಿ ಹಿತ್ತಲಿಗೆ ಹೋದರೆ ಓಣಿಯ ಜನವೆಲ್ಲ ಅಲ್ಲಿದ್ದರು. ಎಮ್ಮೆಯ ತಲೆಯ ಹತ್ತಿರ ಇಳಕಲ್ ಸೀರೆ ಉಟ್ಟು, ಬಿಳಿ ತೆನೆಗಳ ಕೆಂಪು ತೋಪತೆನಿ ಸೆರಗು ತಲೆಯ ಮೇಲೆ ಹೊದ್ದು, ಒಬ್ಬ ಗಟ್ಟಿಮುಟ್ಟಾದ ಹೆಂಗಸು ಹಗ್ಗ ಹಿಡಿದು ನಿಂತಿದ್ದಳು. ಹತ್ತಿರ ಹೋದೆ. ಹೆಂಗಸಿಗೆ ಚಂದದ ಮೀಸೆ ಇತ್ತು.

ಸಂಗತಿ ಇಷ್ಟು. ಆ ಎಮ್ಮೆಯನ್ನು ಕರುವಿನಿಂದ ಸಾಕಿದವಳು ನೇಕಾರನ ಹೆಂಡತಿ. ಅದು ಗಂಡಸರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆಕೆ ಊರಿಗೆ ಹೋದಾಗೆಲ್ಲ ಗಂಡ ಆಕೆಯ ಸೀರೆ ಉಟ್ಟು ಮೇವು ಹಾಕುತ್ತಿದ್ದ, ಹಾಲು ಹಿಂಡುತ್ತಿದ್ದ. ಅದು ನಮ್ಮ ಕಡೆ ಯಾರಿಗೂ ನಗುವ ಸಂಗತಿಯಲ್ಲ, ಎಷ್ಟೋ ಮನೆಯಲ್ಲಿ ಹಾಗೇ. ಈಗ ಆಕೆ ಮಗಳ ಬಾಣಂತನಕ್ಕೆ ಬಾದಾಮಿಗೆ ಹೋಗಿದ್ದಳು. ಬೆಳಿಗ್ಗೆ ಗಡಿಬಿಡಿಯಲ್ಲಿ ಗಂಡ ಲುಂಗಿಯಲ್ಲೇ ಹತ್ತಿರ ಹೋಗಿ ಮೊಳಕಾಲಿಗೆ ಒದೆಸಿಕೊಂಡು ಕಟ್ಟೆಯ ಮೇಲೆ ಬಿದ್ದಿದ್ದ. ಕರೀ ಚೀಲದ ಡಾಕ್ಟರಿಗೆ ಫೋನು ಹೋಯಿತು. ಅವರು ಬಂದರು, ಅವರ ಚೀಲಕ್ಕೆ ಒದೆ ಬಿತ್ತು. ಆಮೇಲೆ ಓಣಿಯ ಹೆಂಗಸರೇ ನೆರಿಗೆ ಹಿಡಿದು ಅವರಿಗೆ ನೇಕಾರನ ಹೆಂಡತಿಯ ಸೀರೆ ಉಡಿಸಿದರು. ಸೂಜಿ ಆಯಿತು. ಕರು ಬರಲಿಲ್ಲ.

ನನ್ನನ್ನು ನೋಡಿ ಅವರು ಹಗ್ಗ ಸಡಿಲಿಸಿದರು. "ನೀವು ಬಂದ್ರಲ್ಲ ಮೇಡಂ. ನಾ ಬರ್ತೇನಿ."

"ಎಲ್ಲಿಗಿ? ನೀವು ತೆಲಿ ಬಿಟ್ರ ಅದು ನನಗ ಒದಿತೈತಿ. ಗಟ್ಟಿ ಹಿಡೀರಿ."

ಹಿಡಿದರು. ನಾನು ತೋಳಿನ ತನಕ ಕೈ ಹಾಕಿದೆ. ಕರುವಿನ ಮುಂಗಾಲು ಎರಡೂ ದಾರಿಯಲ್ಲಿದ್ದವು, ಕುತ್ತಿಗೆ ಮಾತ್ರ ಹಿಂದಕ್ಕೆ ಹೊರಳಿತ್ತು. ಹಾಗೇ ಎಳೆದರೆ ತಾಯಿಯೂ ಉಳಿಯುವುದಿಲ್ಲ. ಬೆರಳು ತಾಗಿಸಿದರೆ ಕರು ನಾಲಿಗೆ ಅಲ್ಲಾಡಿಸಿತು. ಜೀವ ಇತ್ತು. ಅದನ್ನು ಒಳಕ್ಕೆ ಒತ್ತಿ, ಮೂತಿ ಸಿಗುವ ತನಕ ತಡಕಾಡಿ, ಎಮ್ಮೆ ತಿಣುಕುವುದು ನಿಂತಾಗೊಮ್ಮೆ ಅಷ್ಟಷ್ಟೇ ತಿರುಗಿಸಬೇಕು.

"ಕೈ ಸೋತು ಬಂದ್ವು ಮೇಡಂ," ಅಂದರು ಮುಂದಿನಿಂದ.

"ನನ್ನ ಕೈ ಎಲ್ಲೈತಿ ನೋಡ್ರಿ. ಸುಮ್ನ ನಿಂದರ್ರಿ."

ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಎಚ್ಚರಿಸಿದಳು: "ಸೆರಗು ಮುಂದ ಎಳಕೋ ಲೇ ತಮ್ಮಾ. ಎಮ್ಮಿಗೆ ಮೀಸಿ ಕಾಣಸ್ತಾವ."

ಕೊನೆಗೆ ಮೂತಿ ಕೈಗೆ ಬಂತು. ತಿರುಗಿತು. ಓಣಿಯ ನಾಲ್ಕು ಹೆಂಗಸರು ನಾನು ಹೇಳಿದ ಹಾಗೆ ಕರುವಿನ ಕಾಲಿಗೆ ಕಟ್ಟಿದ ಹಗ್ಗ ಎಳೆದರು. ಕರು ಜಾರಿ ನನ್ನ ಮಡಿಲಿಗೇ ಬಿತ್ತು. ಹೆಣ್ಣುಗರು. ಮೂಗು ಒರೆಸಿ ಪಕ್ಕೆ ತಿಕ್ಕಿದೆ. ಸೀನಿತು. ಎಮ್ಮೆಯ ಹಿಂದೆ ನೆಲದ ಮೇಲೆ ಕುಳಿತೇ ನಾನು ಉಸಿರು ಬಿಟ್ಟೆ.

ಆ ಹೊತ್ತಿಗೆ ಪರೀಕ್ಷಕರ ಜೊತೆ ಅಧಿಕಾರಿ ಒಳಗೆ ಬಂದರು. ಅವರು ನಮ್ಮಿಬ್ಬರನ್ನೂ ಕಂಡವರಲ್ಲ. ಫೋನಿನಲ್ಲಿ ಪಟ್ಟಿ ತೆಗೆದು, ನಂಬರನ್ನು ಗಟ್ಟಿಯಾಗಿ ಓದಿ, "ಈ ನಂಬರಿನ ಡಾಕ್ಟರ್ ಇಲ್ಲಿ ಯಾರ್ರಿ?" ಅಂದರು. ಗುರುತು ಹೇಳುವುದು ಪರೀಕ್ಷಕರ ಅಧಿಕಾರದೊಳಗೆ ಇರಲಿಲ್ಲ.

ಕಟ್ಟೆಯ ಮೇಲಿಂದ ನೇಕಾರ ಭಕ್ತಿಯಿಂದ ಸೀರೆಯ ಕಡೆ ಬೆರಳು ಮಾಡಿದ. "ಅವರ ನೋಡ್ರಿ. ಭಾಳ ವರ್ಷದಿಂದ ಅದ ನಂಬರು."

ಅಧಿಕಾರಿ ಫೋನು ನೋಡಿದರು, ಸೀರೆ ನೋಡಿದರು, ತಲೆಯಾಡಿಸಿದರು. "ಸರಿ. ಹೆಣ್ಮಗಳು ಅಂತನ ಐತಿ. ನಮಸ್ಕಾರ ಮೇಡಂ, ಇಲ್ಲೊಂದು ಸಹಿ ಮಾಡ್ರಿ."

ಸೆರಗಿನೊಳಗಿಂದ ಸಣ್ಣ ದನಿ ಬಂತು. "ನಾ ಮೇಡಂ ಅಲ್ರಿ."

"ಅಲ್ಲಂದ್ರ?"

"ಗಂಡಸ ಅದೇನ್ರಿ ಸಾಹೇಬ್ರ."

ಅಧಿಕಾರಿ ಎಮ್ಮೆಗೆ ಸಿಗದ ಹಾಗೆ ಒಂದಿಷ್ಟು ಮುಂದೆ ಬಂದು ಬಾಗಿ ನೋಡಿದರು. ನಗಲಿಲ್ಲ, ಅದು ಅವರ ದೊಡ್ಡತನ. "ನೋಡ್ರಿ, ಈ ನಂಬರು ಒಬ್ಬ ಹೆಣ್ಮಗಳದು. ನಂಬರು ನಿಮ್ಮದು ಅಂದ್ರ ಹೆಣ್ಮಗಳು ಅಂತ ಬರದು ಸಹಿ ಮಾಡ್ರಿ. ಗಂಡಸು ಅಂದ್ರ ಈ ನಂಬರು ನಿಮ್ಮ ಕಡೆ ಹೆಂಗ ಬಂತು ಹೇಳ್ರಿ. ಎರಡರಾಗ ಒಂದು."

ಎಲ್ಲರೂ ಸೀರೆ ಉಟ್ಟವರ ಬಾಯಿ ನೋಡುತ್ತಿದ್ದರು. ಡಾಕ್ಟರಿಕೆಯೋ ಮೀಸೆಯೋ ಅಂತ ಆ ಮನುಷ್ಯ ಒಂದು ಗಳಿಗೆ ತೂಗಿ ನೋಡಿದರು. ಆಮೇಲೆ ಸೆರಗು ಹಿಂದಕ್ಕೆ ಸರಿಸಿದರು.

"ನಾ ಡಾಕ್ಟರ್ ಅಲ್ರಿ. ಹಿಂಡಿ ಮಾರಾಂವ. ನಂಬರು ಗ್ವಾಡಿ ಮ್ಯಾಲಿಂದು ನಾನ ಬರಕೊಂಡೆ. ಮೇಡಮ್ಮಾರಿಗೆ ಇದ್ರಾಗಿಂದು ಏನೂ ಗೊತ್ತಿದ್ದಿಲ್ಲ."

"ಎಲ್ಲಾರಿಗೂ ಕೇಳೂಹಂಗ ಹೇಳ್ರಿ."

ಇನ್ನೊಮ್ಮೆ ಹೇಳಿದರು. ಕಟ್ಟೆಯ ಮುದುಕಿ ಪಕ್ಕದವಳ ಕಡೆ ವಾಲಿ, "ಅದಕ್ಕ ಅನ್ನು, ಆ ಸೂಜಿ ಮಾಡಿದ ಮ್ಯಾಲ ನಮ್ಮ ಆಕಳಿಗೆ ಹಸಿವಿ ಭಾಳ ಆಕ್ಕಿತ್ತು," ಅಂದಳು.

ನಾನು ಎಮ್ಮೆಯ ಹಿಂದಿನಿಂದ ಎದ್ದು ಟೊಪ್ಪಿಗೆ ತೆಗೆದೆ. "ಆ ನಂಬರು ನಂದ್ರಿ ಸರ್." ಕೈಕುಲುಕಲು ಮುಂದೆ ಬಂದ ಅಧಿಕಾರಿ ನನ್ನ ತೋಳು ನೋಡಿ ಅಲ್ಲೇ ನಿಂತು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ನನ್ನ ಹೆಸರು ಪಟ್ಟಿಯಲ್ಲಿ ಇದ್ದಲ್ಲೇ ಇರುತ್ತದೆ, ಮುಂದಿನ ಕ್ರಮ ಇವರ ಮೇಲೆ ಅಂದರು. ಹಿಂಡಿಯವರು ಹೇಳಿಕೆಗೆ ಸಹಿ ಮಾಡಿದ್ದು ಸೀರೆಯಲ್ಲೇ. ಬಿಚ್ಚಲು ನೆರಿಗೆಗೆ ಕೈ ಹಾಕಿದಾಗ ಎಮ್ಮೆ ಕಾಲೆತ್ತಿತ್ತು.

ಸಹಿ ಆದದ್ದೇ ತಡ, ಅವರು ನೆರಿಗೆ ಎತ್ತಿ ಹಿಡಿದು ಬಾಗಿಲಿಗೆ ಹೋಗಿ ಮೋಟರ್‌ಸೈಕಲ್ ಏರಿದರು. ನೇಕಾರ ಕುಂಟುತ್ತ ಹಿಂದೆ ಓಡಿದ.

"ಡಾಕ್ಟರ, ಸೀರಿ ಕೊಟ್ಟು ಹೋಗ್ರಿ. ಆಕಿ ನಾಳೆ ಬರ್ತಾಳ."

ಅವರು ಹಿಂದೆ ತಿರುಗಿಯೂ ನೋಡಲಿಲ್ಲ. "ಡಾಕ್ಟರ್ ಒಳಗ ಅದಾರ, ಅವರನ್ನ ಕೇಳು," ಅಂದವರೇ ಗಾಡಿಗೆ ಒದ್ದರು. ಊರ ಪೇಟೆಯ ನಡುವೆ ತೋಪತೆನಿ ಸೆರಗು ಹಾರಾಡುತ್ತ ಹೋಯಿತು.

ನೇಕಾರ ಗಾಡಿಯ ಹೊಗೆ ನೋಡುತ್ತ ನಿಂತ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ.

"ಡಾಕ್ಟರ, ಈಗ ನನ್ನ ಹೆಂಡತಿಗೆ ಏನಂತ ಹೇಳ್ಲಿ?"

ಆ ಸೀಮೆಯಲ್ಲಿ ನನ್ನನ್ನು ಡಾಕ್ಟರ್ ಅಂತ ಕರೆದು ಒಬ್ಬರು ಕೇಳಿದ ಮೊದಲ ಪ್ರಶ್ನೆ ಅದು. ಅದಕ್ಕೆ ನನ್ನ ಹತ್ತಿರ ಔಷಧ ಇರಲಿಲ್ಲ.